ಹೋಳಿಯ ಹೆಜ್ಜೆ ಬೈಠಕ್ಕಿಗೆ ಬಂದದ್ದು ಹೇಗೆ?

ಮೊದಲು ಬೆರಳಲ್ಲಿ ಒಂದು ಲೆಕ್ಕ ಹಾಕೋಣ. ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು. ಒಟ್ಟು 14 ಮಾತ್ರೆ. ಇದು ದೀಪಚಂದಿ ತಾಳ. ಚಾಂಚರ್ ಅಂತಲೂ ಕರೀತಾರೆ. ಹೋಳಿಯನ್ನು ಕುರಿತ ಎಷ್ಟೋ ಠುಮರಿಗಳು ಈ ತಾಳದಲ್ಲೇ ಇವೆ.

ಚಾಂಚರ್ ಅನ್ನೋ ಹೆಸರು ನಮ್ಮನ್ನು ಬಹಳ ಹಿಂದಕ್ಕೆ ಕರೆದೊಯ್ಯುತ್ತದೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ಯಾವ ಹಾಡು ಯಾವ ಹೊತ್ತಿಗೆ ಅಂತ ಅದರಲ್ಲಿದೆ: ಕಾಳು ಕುಟ್ಟೋವಾಗ ತ್ರಿಪದಿ, ಮದುವೆಗೆ ಧವಳ, ಹೋಳಿಗೆ ಚರ್ಚರಿ. ಅಣ್ಣಿಗೇರಿ, ಕುಂದಗೋಳ ಆಗ ಚಾಲುಕ್ಯರ ನಾಡೇ. ಚರ್ಚರಿ ಅಂದ್ರೆ ವಸಂತದಲ್ಲಿ ಗುಂಪಾಗಿ ಕುಣಿಯುತ್ತ ಹಾಡೋದು. ಚರ್ಚರಿಯೇ ಚಾಂಚರ್ ಆಯಿತು ಅಂತಾರೆ. ಆದ್ರೆ ಹೆಸರು ಹೋಲುತ್ತದೆ ಅಂದಮಾತ್ರಕ್ಕೆ ಅಂದಿನ ತಾಳವೇ ಇದು ಅನ್ನೋಕಾಗಲ್ಲ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಹೋಳಿ, ಹಾಡು, ಕುಣಿತ ಆಗಲೂ ಒಟ್ಟಿಗಿದ್ದವು.

ಠುಮರಿಗೂ ಕುಣಿತದ ನಂಟಿದೆ. 19ನೇ ಶತಮಾನದ ಲಖನೌದಲ್ಲಿ, ವಾಜಿದ್ ಅಲಿ ಷಾ ಆಸ್ಥಾನದಲ್ಲಿ, ಅದು ಕಥಕ್ ಜೊತೆ ಬೆಳೀತು. ಆಮೇಲೆ ನಿಧಾನವಾಗಿ, ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಹಿಗ್ಗಿಸಿ ಕುಳಿತು ಹಾಡೋ ಠುಮರಿ ಮೇಲೆ ಬಂತು.

ಕಾಲು ಯಾಕೆ ನಿಂತಿತು? ರುಚಿ ಬದಲಾದದ್ದು ಒಂದು ಕಾರಣ. ಕುಣಿಯುವ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಂಡದ್ದು ಇನ್ನೊಂದು. ಧಾರವಾಡ ಸೇರಿದ್ದ ಮುಂಬೈ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ಪದ್ಧತಿ ವಿರುದ್ಧ ಕಾಯ್ದೆಯೂ ಬಂತು. ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಕಥಕ್ ಕಲಿತವರು. ಆಮೇಲೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಮುಂದೆ ಕುಳಿತು ಖಯಾಲ್ ಕಲಿತರು. ಅಷ್ಟು ದೊಡ್ಡ ಗಾಯಕಿಗೂ ‘ಗಾನೇವಾಲಿ’ ಅನ್ನೋ ಚುಚ್ಚುಮಾತು ತಪ್ಪಲಿಲ್ಲ.

ಬೈಠಕ್ ಅಂದ್ರೆ ಹತ್ತಿರದಿಂದ ಕೇಳೋ ಸಂಗೀತ. ಕುಂದಗೋಳದ ನಾಡಗೀರ ವಾಡೆಯಂಥ ಕಡೆ ಗಾಯಕರ ಉಸಿರೂ ಕಿವಿಗೆ ಬೀಳುತ್ತೆ. ಅಲ್ಲಿ ಎಲ್ಲರೂ ಕುಳಿತಿದ್ದರೂ ಕುಣಿತ ಪೂರ್ತಿ ಹೋಗಿಲ್ಲ. ಠುಮರಿಯ ಕೊನೆಗೆ ತಬಲಾದವರ ಕಡೆ ಕಿವಿ ಕೊಡಿ. ಗಾಯಕರು ಪಲ್ಲವಿ ಹಿಡಿದು ಸುತ್ತುತ್ತಾರೆ, 14 ಮಾತ್ರೆ ಬಿಟ್ಟು ತಬಲಾ ದುಡುದುಡು ಓಡುತ್ತೆ. ಇದೇ ಲಗ್ಗಿ. ಕಾಲ್ಗೆಜ್ಜೆ ಮಾಡಬೇಕಾದ ಕೆಲಸವನ್ನು ಇಲ್ಲಿ ಬೆರಳು ಮಾಡುತ್ತೆ. ಮತ್ತೆ ನಿಧಾನದ ಠೇಕಾ, ಮುಕ್ತಾಯ.

ಠುಮರಿಯನ್ನು ‘ಹಗುರ’ ಸಂಗೀತ ಅಂತ ಕಛೇರಿ ಕೊನೆಗೆ ಇಡೋದು ರೂಢಿ. ಆ ‘ಹಗುರ’ ಅನ್ನೋ ಮಾತಲ್ಲಿ ಕುಣಿದವರ ಮೇಲಿನ ಹಳೆಯ ತಾತ್ಸಾರವೂ ಸ್ವಲ್ಪ ಸೇರಿದೆ. ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನ ಹೋಳಿ ಇದೆ, ಹುಬ್ಬಳ್ಳಿ ಸೀಮೆಯಲ್ಲಿ ಚಕ್ಕಡಿ ಗಾಲಿಗೆ ಚರ್ಮ ಬಿಗಿದ ಜಗ್ಗಲಿಗೆ ಇದೆ. ಅದು ಬೀದಿಯದು, ಇದು ವಾಡೆಯದು ಅಂತ ಮೇಲು-ಕೀಳು ಮಾಡೋ ಮೊದಲು ಒಂದು ಲಗ್ಗಿ ಕೇಳಿ ನೋಡಿ. ಕುಳಿತಲ್ಲೇ ನಿಮ್ಮ ಕಾಲು ಅಲುಗಿತಾ?