ಕೈ ಎರಡು, ಕೇಳೋರು ಐದು ಜನ



ಗುಬ್ಬಿ ತಾಲೂಕಿನ ಒಂದು ಹಳ್ಳಿ. ಅಲ್ಲೊಂದು ಸರ್ಕಾರಿ ಶಾಲೆ. ಬೆಳಗ್ಗೆ ಹನ್ನೊಂದು ಗಂಟೆ. ನಾವು ಪಾಠ ಮಾಡುತ್ತಿದ್ದೇವೆ. ಪಕ್ಕದ ಕೋಣೆಯಲ್ಲಿ ಅಡುಗೆಯ ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೆ.

"ಅಕ್ಕಾ, ಇವತ್ತು ಬೇಗ ಊಟ ಆಗ್ಲಿ" ಎನ್ನುತ್ತಾರೆ ಹೆಡ್ ಮೇಷ್ಟ್ರು.

"ಅಕ್ಕಾ, ಒಂದು ಲೋಟ ಟೀ" ಎನ್ನುತ್ತೇವೆ ನಾವು.

"ನಮ್ ಹುಡುಗಂಗೆ ಖಾರ ಆಗಲ್ಲ ಕಣಕ್ಕಾ" ಎನ್ನುತ್ತಾಳೆ ಒಬ್ಬ ತಾಯಿ.

"ಅಂಗಳಾನೂ ಗುಡಿಸಿಬಿಡಮ್ಮ" ಎನ್ನುತ್ತಾರೆ ಶಾಲಾ ಸಮಿತಿಯವರು.

ಅಷ್ಟರಲ್ಲಿ ಮನೆಯಿಂದ ಫೋನು. "ಹಸೂಗೆ ಮೇವಿಲ್ಲ, ಬೇಗ ಬಾ."

ಅಕ್ಕನಿಗೆ ಇರುವುದು ಎರಡೇ ಕೈ. ಏನು ಮಾಡಬೇಕು?

ಮೊದಲು ನಮ್ಮ ಕೆಲಸ ತಿಳಿಯೋಣ

ತುಮಕೂರಿನವರಿಗೆ ದಾಸೋಹ ಹೊಸದಲ್ಲ. ಸಿದ್ಧಗಂಗಾ ಮಠದ ದಾಸೋಹ ನಾವೆಲ್ಲ ಕಂಡದ್ದೇ. ಶಾಲೆಯ ಊಟಕ್ಕೂ ಅಕ್ಷರ ದಾಸೋಹ ಎಂದೇ ಹೆಸರು. 2001ರಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕು ಎಂದಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈ ಊಟ ಶುರುವಾಯಿತು. ಇದು ಯಾರೋ ಹಾಕುವ ಭಿಕ್ಷೆ ಅಲ್ಲ. ಮಕ್ಕಳ ಹಕ್ಕು.

ಇದಕ್ಕೆ ಲೆಕ್ಕ ಇದೆ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ನಲವತ್ತು ಮಕ್ಕಳಿದ್ದರೆ ಎಷ್ಟಾಯಿತು? 4 ಕಿಲೋ ಅಕ್ಕಿ, 800 ಗ್ರಾಂ ಬೇಳೆ, 2 ಕಿಲೋ ತರಕಾರಿ, 200 ಗ್ರಾಂ ಎಣ್ಣೆ.

ಅಡುಗೆ ಮಾಡುವುದು, ಬಡಿಸುವುದು, ಪಾತ್ರೆ ಮತ್ತು ಅಡುಗೆ ಕೋಣೆ ಶುಚಿಯಾಗಿಡುವುದು ಅಕ್ಕನ ಕೆಲಸ. ನಮ್ಮ ಟೀ ಅದರಲ್ಲಿ ಇಲ್ಲ. ಅಂಗಳದ ಕಸವೂ ಇಲ್ಲ. ಬಿಡುವಿದ್ದರೆ ಪ್ರೀತಿಯಿಂದ ಮಾಡಬಹುದು. ಮಾಡಲೇಬೇಕು ಎಂದೇನಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ?

ಒಂದು ಸಲ ಹುಳು ಬಿದ್ದ ಬೇಳೆ ಬಂತು. ಅಕ್ಕ ಯಾರಿಗೂ ಹೇಳಲಿಲ್ಲ. ಕೂತು ಆರಿಸಿದರು. ಅರ್ಧ ಬೇಳೆ ಹೋಯಿತು. ಸಾರು ನೀರಾಯಿತು. ಮಕ್ಕಳು ಮನೆಗೆ ಹೋಗಿ ಹೇಳಿದರು. ಮರುದಿನ ತಾಯಂದಿರು ಬಂದರು.

"ಬೇಳೆ ಎಲ್ಲಿಗೆ ಹೋಯ್ತು?" ಎಂದು ಕೇಳಿದರು.

ಅಕ್ಕ ಕದ್ದಿರಲಿಲ್ಲ. ಆದರೂ ಕಳ್ಳಿಯ ಹಾಗೆ ತಲೆ ತಗ್ಗಿಸಿ ನಿಂತರು. ನಮಗೂ ಏನೂ ಗೊತ್ತಿರಲಿಲ್ಲ. ನಾವೂ ಸುಮ್ಮನಿದ್ದೆವು. ಅದು ನಮ್ಮ ತಪ್ಪು.

ಇನ್ನೊಂದು ಊರಿನ ಕಥೆ ಇದಕ್ಕಿಂತ ಘೋರ. ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿ ಶಾಲೆ. 2013ರ ಜುಲೈ 16. ಅಡುಗೆ ಎಣ್ಣೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಸೇರಿತ್ತು. ಊಟ ಮಾಡಿದ ಮಕ್ಕಳಲ್ಲಿ 23 ಮಕ್ಕಳು ಸತ್ತರು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯಾಕೆ ಹೇಳಿದ್ದರು, ಮುಖ್ಯೋಪಾಧ್ಯಾಯಿನಿ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ಬಂತು. 2016ರಲ್ಲಿ ಆ ಮುಖ್ಯೋಪಾಧ್ಯಾಯಿನಿಗೆ ಜೈಲು ಶಿಕ್ಷೆ ಆಯಿತು. ಹೋದ ಮಕ್ಕಳು ಮಾತ್ರ ಬರಲಿಲ್ಲ.

ಆದ್ದರಿಂದ ಎಲ್ಲರ ಮಾತಿಗಿಂತ ಮಕ್ಕಳ ತಟ್ಟೆ ಮೊದಲು. ಕೆಟ್ಟ ಸಾಮಾನು ಬಂದರೆ ಒಲೆ ಹಚ್ಚಬೇಡಿ. "ಇದನ್ನ ಬೇಯಿಸಲ್ಲ ಸಾರ್, ಬಂದು ನೋಡಿ" ಎನ್ನಿ. ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು. ಅವರಲ್ಲಿ ಒಬ್ಬ ಶಿಕ್ಷಕರಾದರೂ ಇರಬೇಕು. ಇದು ನಿಯಮ.

ಒಂದು ಸಣ್ಣ ಪುಸ್ತಕ

ಆ ಅಕ್ಕ ನಮ್ಮ ರಾತ್ರಿ ಕಲಿಕಾ ಕೇಂದ್ರಕ್ಕೂ ಬರುತ್ತಿದ್ದರು. ಬೇಳೆಯ ಗಲಾಟೆ ಆದ ಮೇಲೆ ಒಂದು ನೋಟ್ ಬುಕ್ ಇಟ್ಟರು. ದಿನಾ ನಾಲ್ಕು ಸಾಲು ಬರೆದರು.

ತಾರೀಕು.
ಎಷ್ಟು ಮಕ್ಕಳು.
ಎಷ್ಟು ಸಾಮಾನು ಬಂತು.
ಏನು ಕೊರತೆ.

ವಾರಕ್ಕೊಮ್ಮೆ ಹೆಡ್ ಮೇಷ್ಟ್ರ ಸಹಿ ಹಾಕಿಸಿದರು. ಮತ್ತೊಮ್ಮೆ ಜನ ಕೇಳಲು ಬಂದಾಗ ಅಕ್ಕ ಜಗಳ ಆಡಲಿಲ್ಲ. ಪುಸ್ತಕ ತೆರೆದು ತೋರಿಸಿದರು. ಜನ ಓದಿದರು, ಸುಮ್ಮನಾದರು.

ಟೀ ಕೇಳಿದಾಗ ಈಗ ಅಕ್ಕ ನಗುತ್ತಾ ಹೇಳುತ್ತಾರೆ. "ಮಕ್ಕಳ ಊಟ ಆಗ್ಲಿ ಸಾರ್, ಆಮೇಲೆ ನೋಡೋಣ." ನಮಗೆ ಬೇಜಾರಿಲ್ಲ. ನಾವೇ ಕಾಯಿಸಿಕೊಳ್ಳುತ್ತೇವೆ.

ನೀವೂ ಕೇಳಬಹುದು

ಎಲ್ಲರೂ ನಿಮ್ಮನ್ನು ಕೇಳುತ್ತಾರೆ. ನೀವೂ ಅವರನ್ನು ಕೇಳಬೇಕು. "ಗ್ಯಾಸ್ ಮುಗಿಯೋಕೆ ಮುಂಚೆ ತರಿಸಿ." "ಗೌರವಧನ ಯಾವಾಗ ಬರುತ್ತೆ?" 26ರಿಂದ 100 ಮಕ್ಕಳಿಗೆ ಇಬ್ಬರು ಅಡುಗೆಯವರು ಇರಬೇಕು. ಒಬ್ಬರೇ ಇದ್ದರೆ ಅದನ್ನೂ ಶಾಲಾ ಸಮಿತಿಯ ಸಭೆಯಲ್ಲಿ ಕೇಳಿ.

ಕುಣಿಗಲ್ಲಿನ ಹೊಲವಾಗಲಿ, ತುಮಕೂರಿನ ಕಾರ್ಖಾನೆಯಾಗಲಿ, ದಾರಿ ಇದೇ. ಕೆಲಸ ಏನೆಂದು ಮೊದಲೇ ಕೇಳಿ. ಆಗುವುದಕ್ಕೆ ಹೂಂ ಅನ್ನಿ. ಆಗದ್ದನ್ನು ಆಗಲೇ ಹೇಳಿ. ಹೇಳಿದ್ದನ್ನು ಬರೆದಿಡಿ.

ಓದಿದಿರಾ? ಈಗ ಮಾತಾಡಿ, ಬರೆಯಿರಿ

1. ನಿಮ್ಮ ಕೆಲಸದಲ್ಲಿ ನಿಮ್ಮನ್ನು ಯಾರು ಯಾರು ಏನು ಕೇಳುತ್ತಾರೆ?
2. ಅದರಲ್ಲಿ ಯಾವುದು ನಿಮ್ಮ ಕೆಲಸ? ಯಾವುದು ಅಲ್ಲ?
3. ಅರವತ್ತು ಮಕ್ಕಳಿಗೆ ಎಷ್ಟು ಬೇಳೆ ಬೇಕು? ಲೆಕ್ಕ ಮಾಡಿ.