ಸ್ವಿಚ್ ಹಾಕಿದೊಡನೆ ಚಿಪ್‌ನೊಳಗೆ ನಡೆಯುವುದೇನು?

ಚಾವಣಿಯ ಸೋಲಾರ್ ಫಲಕಗಳಿಗೆ ಜೋಡಿಸಿದ ಇನ್ವರ್ಟರ್ ಬೆಳಿಗ್ಗೆ ತಾನಾಗಿಯೇ ಚಾಲೂ ಆಗುತ್ತದೆ. ಯಾರೂ ಲ್ಯಾಪ್‌ಟಾಪ್ ಹಿಡಿದು ಹೋಗಿ ಅದಕ್ಕೆ ಪ್ರೋಗ್ರಾಂ ತುಂಬುವುದಿಲ್ಲ. ಕರೆಂಟ್ ಬಂದೊಡನೆ ಒಳಗಿನ ಡಿಜಿಟಲ್ ಸಿಗ್ನಲ್ ಪ್ರೊಸೆಸರ್, ಅಂದರೆ ಡಿಎಸ್‌ಪಿ, ತನ್ನ ಪ್ರೋಗ್ರಾಂ ಎಲ್ಲಿದೆಯೆಂದು ತಾನೇ ಹುಡುಕಿಕೊಳ್ಳಬೇಕು. ಇದೇ ಬೂಟ್. ತರಗತಿಗಳಲ್ಲಿ ಫಿಲ್ಟರ್, ಎಫ್‌ಎಫ್‌ಟಿಗಳಿಗೆ ಸಿಗುವ ಗಮನದ ಒಂದಂಶವೂ ಇದಕ್ಕೆ ಸಿಗದಿರುವುದು ನನಗೆ ಬೇಸರದ ಸಂಗತಿ.

ಇಂಥ ಇನ್ವರ್ಟರ್ ಮತ್ತು ಮೋಟಾರ್ ನಿಯಂತ್ರಕಗಳಲ್ಲಿ ಬಳಕೆಯಲ್ಲಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಫ್28335 ಚಿಪ್ಪನ್ನೇ ನೋಡೋಣ. ರೀಸೆಟ್ ಆದ ಕೂಡಲೇ ಅದು ಬೂಟ್ ರಾಮ್‌ಗೆ ಹೋಗುತ್ತದೆ. ತಯಾರಿಕೆಯಲ್ಲೇ ಬರೆದಿಟ್ಟ, ಅಳಿಸಲು ಬಾರದ ಸಣ್ಣ ಪ್ರೋಗ್ರಾಂ ಇರುವುದು ಅಲ್ಲಿ. 84ರಿಂದ 87ರವರೆಗಿನ ನಾಲ್ಕು ಜಿಪಿಐಒ ಪಿನ್‌ಗಳ ಮಟ್ಟವನ್ನು ಅದು ಓದುತ್ತದೆ. ನಾಲ್ಕೂ ಮೇಲಿದ್ದರೆ ಫ್ಲ್ಯಾಶ್‌ಗೆ ಜಿಗಿತ; ಬೇರೆ ಜೋಡಣೆಗಳಿದ್ದರೆ ಸೀರಿಯಲ್, ಎಸ್‌ಪಿಐ, ಕ್ಯಾನ್ ಮುಂತಾದ ದಾರಿಗಳಲ್ಲಿ ಹೊರಗಿನಿಂದ ಪ್ರೋಗ್ರಾಂ ತರಿಸಿಕೊಳ್ಳುತ್ತದೆ. ಸೀರಿಯಲ್ ದಾರಿಯಲ್ಲಿ ಮೊದಲು ‘ಎ’ ಅಕ್ಷರ ಕಳಿಸಬೇಕು. ಅದರಿಂದಲೇ ಚಿಪ್ ಎದುರಿನವರ ವೇಗವನ್ನು ಅಳೆದುಕೊಳ್ಳುತ್ತದೆ. ಆಮೇಲೆ ಬಂದ ಪ್ರತಿ ಬೈಟನ್ನೂ ಮರಳಿ ಕಳಿಸುತ್ತದೆ, ತಪ್ಪಿದ್ದರೆ ಕಳಿಸಿದವರಿಗೆ ತಿಳಿಯಲೆಂದು.

ಕನ್ನಡಿಗರು ತಿಳಿದಿರಬೇಕಾದ ವಿಷಯವೊಂದು ಇಲ್ಲಿದೆ. ಈ ಚಿಪ್‌ನ ತಿರುಳು ಸಿ28ಎಕ್ಸ್. ಆದರೂ ರೀಸೆಟ್ ಆದಾಗ ಅದು ಏಳುವುದು ಹಿಂದಿನ ತಲೆಮಾರಿನ ಸಿ27ಎಕ್ಸ್‌ಗೆ ಹೊಂದುವ ಸ್ಥಿತಿಯಲ್ಲಿ. ಬೂಟ್ ರಾಮ್ ಮೊದಲಿಗೇ ಅದನ್ನು ಸಿ28ಎಕ್ಸ್ ಸ್ಥಿತಿಗೆ ಬದಲಿಸುತ್ತದೆ. ಆ ಸಿ27ಎಕ್ಸ್ ವಿನ್ಯಾಸಗೊಂಡದ್ದು ಬೆಂಗಳೂರಿನಲ್ಲಿ. 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, 1998ರಲ್ಲಿ ‘ಅಂಕುರ್’ ಎಂಬ ಹೆಸರಿನಲ್ಲಿ ಅದನ್ನು ಹೊರತಂದಿತು. ಜಗತ್ತಿನ ಯಾವ ಮೂಲೆಯಲ್ಲಿ ಈ ಚಿಪ್ ಚಾಲೂ ಆದರೂ ಅದರ ಮೊದಲ ಕ್ಷಣದಲ್ಲಿ ಬೆಂಗಳೂರಿನ ಕೆಲಸವಿದೆ. ನನಗಂತೂ ಇದು ಹೆಮ್ಮೆಯ ವಿಷಯ.

ಫ್ಲ್ಯಾಶ್‌ಗೆ ಜಿಗಿಯುವಾಗ ಚಿಪ್ ಬಂದು ನಿಲ್ಲುವುದು 33ಎಫ್‌ಎಫ್‌ಎಫ್6 ಎಂಬ ವಿಳಾಸದಲ್ಲಿ. ಅಲ್ಲಿರುವ ಜಾಗ ಎರಡೇ ಪದಗಳದ್ದು, ಒಂದು ಜಿಗಿತದ ಸೂಚನೆಗೆ ಸಾಕಾಗುವಷ್ಟು. ಅದರ ಪಕ್ಕದಲ್ಲೇ 128 ಬಿಟ್‌ಗಳ ಪಾಸ್‌ವರ್ಡ್. ಅಲ್ಲೇನಾದರೂ ಎಲ್ಲವೂ ಸೊನ್ನೆಯಾಗಿಬಿಟ್ಟರೆ ಚಿಪ್ ಶಾಶ್ವತವಾಗಿ ಲಾಕ್. ಮತ್ತೆ ಪ್ರೋಗ್ರಾಂ ಹಾಕುವಂತಿಲ್ಲ. ಜಿಗಿತದ ಸೂಚನೆಯನ್ನು ಇಡುವುದೇ ಮರೆತರೆ ಇನ್ನೊಂದು ಫಜೀತಿ. ಡಿಬಗರ್ ಜೋಡಿಸಿರುವಾಗ ಅದು ಪ್ರೋಗ್ರಾಂನ ಆರಂಭಕ್ಕೆ ನೇರವಾಗಿ ಕರೆದೊಯ್ಯುವುದರಿಂದ ಎಲ್ಲವೂ ಸರಿಯಾಗಿ ಓಡುತ್ತದೆ. ಕೇಬಲ್ ಕಿತ್ತು ಕರೆಂಟ್ ಕೊಟ್ಟರೆ ಬೋರ್ಡ್ ಮಿಸುಕುವುದಿಲ್ಲ.

ಅಲ್ಲಿಂದ ಮುಂದೆಯೂ ಸಾಗಾಟ ಮುಗಿದಿಲ್ಲ. 150 ಮೆಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರ್‌ನ ವೇಗಕ್ಕೆ ಫ್ಲ್ಯಾಶ್ ಸಮನಾಗದು. ಹಾಗಾಗಿ ತುರ್ತಿನ ಫಂಕ್ಷನ್‌ಗಳನ್ನು ರ್‍ಯಾಮ್‌ಗೆ ನಕಲು ಮಾಡಿಕೊಂಡೇ ಓಡಿಸಬೇಕು.

ಅನಲಾಗ್ ಡಿವೈಸಸ್‌ನ ಹಳೆಯ ಶಾರ್ಕ್ ಚಿಪ್‌ಗಳ ರೀತಿ ಬೇರೆ. ಮೊದಲು 256 ಸೂಚನೆಗಳ ಲೋಡರ್ ಒಳಬರುತ್ತದೆ. ಅದು ಉಳಿದದ್ದನ್ನೆಲ್ಲ ತಂದು ತುಂಬಿ, ಕೊನೆಗೆ ತಾನಿದ್ದ ಜಾಗವನ್ನೂ ಬಳಕೆದಾರರ ಪ್ರೋಗ್ರಾಂಗೆ ಬಿಟ್ಟುಕೊಡುತ್ತದೆ. ನಾನು ಕಂಡ ಬೂಟ್ ಕ್ರಮಗಳಲ್ಲಿ ಅತ್ಯಂತ ಅಚ್ಚುಕಟ್ಟಾದದ್ದು ಇದೇ.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಕೆಲಸ ಮುಗಿಯಿತು ಅನ್ನುವ ಮೊದಲು ಡಿಬಗರ್ ಕೇಬಲ್ ತೆಗೆಯಿರಿ, ಕರೆಂಟ್ ಆರಿಸಿ ಮತ್ತೆ ಹಾಕಿ, ಬೋರ್ಡ್ ತಾನಾಗಿ ಏಳುತ್ತದೆಯೇ ನೋಡಿ.