ಆಂಟಿವೈರಸ್ಸಿನ ಹುಸಿ ಎಚ್ಚರಿಕೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವುಗಳಲ್ಲಿ ಯಾವ ಊರಿನ ತಾಲ್ಲೂಕು ಕಚೇರಿಯ ಬಳಿಗೆ ಹೋದರೂ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿಗಳನ್ನು ಕಾಣಬಹುದು. ರೈತರ ಅರ್ಜಿ, ಕರಾರುಪತ್ರಗಳು ಕನ್ನಡದಲ್ಲಿ ಅಚ್ಚಾಗುವುದು ಅಲ್ಲಿಯೇ. ಅಂತಹ ಅಂಗಡಿಯೊಂದರಲ್ಲಿ ಕನ್ನಡ ಕೀಲಿಮಣೆ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸುವಾಗ, ‘ಅಪಾಯ! ಈ ಕಡತವನ್ನು ತಡೆಹಿಡಿಯಲಾಗಿದೆ’ ಎಂದು ಆಂಟಿವೈರಸ್ ಸಾರಿತೆಂದು ಭಾವಿಸೋಣ. ವರ್ಷಗಳಿಂದ ನಂಬಿ ಬಳಸುತ್ತಿರುವ ತಂತ್ರಾಂಶ. ಹೊರಗೆ ಗಿರಾಕಿಗಳ ಸಾಲು. ಆಂಟಿವೈರಸ್ಸನ್ನೇ ನಿಲ್ಲಿಸಿ ಕೆಲಸ ಮುಂದುವರಿಸೋಣವೆಂದು ಯಾರಿಗಾದರೂ ತೋರುವುದು ಸಹಜ. ಹಾಗೆ ಮಾಡಬಹುದೇ?

ಈ ಕಾವಲುಗಾರನು ಕಳ್ಳನನ್ನು ಗುರುತಿಸುವ ಬಗೆಯನ್ನು ಮೊದಲು ನೋಡೋಣ. ಹಿಂದೆ ಸಿಕ್ಕಿಬಿದ್ದ ವೈರಸ್ಸುಗಳ ಗುರುತುಗಳ ಪಟ್ಟಿಯೊಂದು ಅವನಲ್ಲಿ ಉಂಟು. ಆದರೆ ಪಟ್ಟಿಯಲ್ಲಿರುವವರು ಹಳೆಯ ಕಳ್ಳರು ಮಾತ್ರ. ಹೊಸಬರನ್ನು ಹಿಡಿಯಲು ಅವನು ನಡತೆಯನ್ನೂ ಪರಿಚಯವನ್ನೂ ನೋಡಬೇಕಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ. ಹೊಸ ಆವೃತ್ತಿಯ ಹೆಸರು ಹಳೆಯದಾದರೂ ಅದರ ಕಡತ ಹೊಸದು. ಬಿಡುಗಡೆಯ ದಿನ ಅದನ್ನು ಬಲ್ಲವರಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನ ನಾಯಿಯೂ ಹೊಸ ಕಂಬಳಿ ಹೊದ್ದು ಕತ್ತಲೆಯಲ್ಲಿ ಬಂದ ಯಜಮಾನನನ್ನು ಕಂಡು ಬೊಗಳೀತು! ಇದರ ಜೊತೆಗೆ, ಹಳೆಯ ಕಡತಗಳನ್ನು ಅಳಿಸುವುದು, ಅವುಗಳ ಸ್ಥಾನದಲ್ಲಿ ಬೇರೆಯವನ್ನು ಇರಿಸುವುದು ಇವೆಲ್ಲ ವೈರಸ್ಸೂ ಮಾಡತಕ್ಕ ಕೆಲಸಗಳೇ.

ಕನ್ನಡ ಕೀಲಿಮಣೆಯ ವಿಷಯವಂತೂ ಇನ್ನೂ ಸ್ವಾರಸ್ಯಕರ. ‘ನುಡಿ’, ‘ಬರಹ’ ಮುಂತಾದ ತಂತ್ರಾಂಶಗಳು ನಾವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು, ಅದಕ್ಕೆ ಬದಲಾಗಿ ಕನ್ನಡ ಅಕ್ಷರವನ್ನು ಮುಂದಕ್ಕೆ ಕಳುಹಿಸುತ್ತವೆ. ಬ್ಯಾಂಕಿನ ಗುಪ್ತಪದವನ್ನು ಕದಿಯುವ ತಂತ್ರಾಂಶವೂ ಕೀಲಿಗಳನ್ನು ನಡುದಾರಿಯಲ್ಲಿಯೇ ಹಿಡಿಯುತ್ತದೆ. ಕ್ರಿಯೆ ಒಂದೇ, ಉದ್ದೇಶ ಬೇರೆ. ಉದ್ದೇಶವನ್ನು ಅಳೆಯುವ ಉಪಕರಣವನ್ನು ಮಾತ್ರ ಯಾರೂ ನಿರ್ಮಿಸಿಲ್ಲ.

ಹುಸಿ ಎಚ್ಚರಿಕೆಯೂ ಎಷ್ಟು ಹಾನಿ ಮಾಡಬಲ್ಲುದೆಂಬುದು 2010ರ ಏಪ್ರಿಲ್ 21ರಂದು ತಿಳಿಯಿತು. ಮೆಕಾಫಿ ಸಂಸ್ಥೆ ಆ ದಿನ ಕಳುಹಿಸಿದ ಗುರುತುಪಟ್ಟಿಯಲ್ಲಿ ಒಂದು ದೋಷವಿದ್ದಿತು. ವಿಂಡೋಸ್ ಎಕ್ಸ್‌ಪಿಗೆ ಅತ್ಯವಶ್ಯಕವಾದ ‘ಎಸ್‌ವಿಸಿಹೋಸ್ಟ್’ ಎಂಬ ಕಡತವನ್ನೇ ಆಂಟಿವೈರಸ್ ವೈರಸ್ಸೆಂದು ಬಗೆಯಿತು. ಹಲವು ದೇಶಗಳಲ್ಲಿ ಕಂಪ್ಯೂಟರುಗಳು ಮತ್ತೆ ಮತ್ತೆ ತಾವಾಗಿ ಆರಿ ಹೊತ್ತಿಕೊಳ್ಳತೊಡಗಿದವು.

ಹಾಗಾದರೆ ನಂಬಿಕೆಯ ತಂತ್ರಾಂಶದ ಮೇಲಿನ ದೂರನ್ನೆಲ್ಲ ತಳ್ಳಿಹಾಕೋಣವೇ? 2017ರ ಸೆಪ್ಟೆಂಬರಿನಲ್ಲಿ ಸಿಸ್ಕೋ ಸಂಸ್ಥೆಯ ಟಾಲೋಸ್ ತಂಡದ ಪರೀಕ್ಷೆಯೊಂದರಲ್ಲಿ ‘ಸಿಸಿಕ್ಲೀನರ್’ ಎಂಬ ಹೆಸರಾಂತ ತಂತ್ರಾಂಶದ ಹೊಸ ಆವೃತ್ತಿ ಎಚ್ಚರಿಕೆಯ ಗಂಟೆಯನ್ನು ಬಾರಿಸಿತು. ಕಡತ ಬಂದದ್ದು ತಯಾರಕರ ಸ್ವಂತ ತಾಣದಿಂದ. ಅದರ ಮೇಲೆ ಅವರದೇ ಡಿಜಿಟಲ್ ಸಹಿಯೂ ಇದ್ದಿತು. ಹುಸಿ ಎಚ್ಚರಿಕೆಯೆನ್ನಲು ಇನ್ನೇನು ಬೇಕು? ಆದರೆ ಒಳಗೆ ನೋಡಿದರೆ ನಿಜವಾದ ವಿಷವೇ ಇದ್ದಿತು! ತಯಾರಕರ ವ್ಯವಸ್ಥೆಯೊಳಕ್ಕೇ ನುಗ್ಗಿದವರು ಅದನ್ನು ಬೆರೆಸಿದ್ದರು. ಅಷ್ಟರೊಳಗೆ ಆ ಆವೃತ್ತಿ ಸುಮಾರು 22.7 ಲಕ್ಷ ಕಂಪ್ಯೂಟರುಗಳನ್ನು ಸೇರಿದ್ದಿತು. ಆ ಕಂಪೆನಿಯನ್ನು ಅದೇ ವರ್ಷ ಕೊಂಡಿದ್ದ ಅವಾಸ್ಟ್ ಸ್ವತಃ ಆಂಟಿವೈರಸ್ ಸಂಸ್ಥೆಯೆಂಬುದು ವಿಧಿಯ ಕುಚೋದ್ಯವೆನ್ನಬೇಕು.

ಆದುದರಿಂದ ಅಂಗಡಿಯಾತನು ಆಂಟಿವೈರಸ್ಸನ್ನು ನಿಲ್ಲಿಸದೆ, ಕಡತವನ್ನು ಅದು ಕೂಡಿಹಾಕಿದಲ್ಲಿಯೇ ಬಿಡುವುದು ಲೇಸು. ಅದು ತಯಾರಕರ ತಾಣದಿಂದಲೇ ಬಂದಿತೇ, ಸಹಿ ಸರಿಯಿದೆಯೇ ಎಂಬುದನ್ನು ನೋಡಬೇಕು. ಸಹಿಯಿಲ್ಲದಿದ್ದರೆ ಸಂದೇಹ ಬಲವಾಗುತ್ತದೆ; ಇದ್ದರೆ ಕಡತ ಯಾರ ಮನೆಯಿಂದ ಹೊರಟಿತೆಂಬುದಷ್ಟೇ ತಿಳಿಯುತ್ತದೆ. ಗಿರಾಕಿಗಳ ಕಾಗದಪತ್ರಗಳಿಲ್ಲದ ಆ ಕಡತವೊಂದನ್ನೇ ‘ವೈರಸ್‌ಟೋಟಲ್’ ತಾಣಕ್ಕೆ ಒಪ್ಪಿಸಿದರೆ ಹತ್ತಾರು ಆಂಟಿವೈರಸ್ಸುಗಳ ಅಭಿಪ್ರಾಯ ಒಟ್ಟಿಗೆ ದೊರೆಯುತ್ತದೆ. ಒಂದೆರಡು ಮಾತ್ರ ದೂರಿದರೆ ಹುಸಿಯಾಗಿರುವ ಸಂಭವ ಹೆಚ್ಚು. ಆಗಲೂ ಅದನ್ನು ಆಂಟಿವೈರಸ್ ಸಂಸ್ಥೆಗೆ ಪರೀಕ್ಷೆಗಾಗಿ ಕಳುಹಿಸಬೇಕು. ತಪ್ಪು ತಮ್ಮದೆಂದು ಕಂಡರೆ ಅವರು ಪಟ್ಟಿಯನ್ನು ತಿದ್ದುತ್ತಾರೆ. ಅದುವರೆಗೆ ಅರ್ಜಿಗಳನ್ನು ಹಳೆಯ ಆವೃತ್ತಿಯಲ್ಲಿಯೇ ಅಚ್ಚುಮಾಡಬಹುದು.